ಗೋದಾಮು ಭೂಮಿಯ ಉದ್ಯಮ: ನಾಸಿಕ್‌ನಿಂದ ಛತ್ರಪತಿ ಸಂಭಾಜಿನಗರದವರೆಗೆ ಅಧಿಕಾರಿಯೊಬ್ಬರ ಒಂದು ವಾರ

ಮುಂಬಯಿಯಿಂದ ನಾಸಿಕ್‌ಗೆ ಪ್ರಯಾಣ ಮಾಡಿದ ಕನ್ನಡಿಗರಿಗೆ ಭಿವಂಡಿಯ ಗೋದಾಮುಗಳ ಸಾಲು ಚಿರಪರಿಚಿತ. ಕೆಲವು ವರ್ಷಗಳಿಂದ ಈ ಸಾಲು ಕಸಾರಾ ಘಟ್ಟವನ್ನು ಏರಿ ಇಗತಪುರಿ, ಸಿನ್ನರ್ ದಾಟಿ ಛತ್ರಪತಿ ಸಂಭಾಜಿನಗರದತ್ತ ಮುಖ ಮಾಡಿದೆ. ಇದರೊಂದಿಗೆ ಒಂದು ಹೊಸ ವೃತ್ತಿಯೂ ಬೆಳೆದಿದೆ. ಸರಕು ಸಂಗ್ರಹಣೆ ಮತ್ತು ವಿತರಣೆಗೆ ಬೇಕಾದ ಜಮೀನನ್ನು ಹುಡುಕಿ, ಅನುಮತಿ ಪಡೆದು, ಕಟ್ಟಡ ನಿರ್ಮಿಸಿ, ಉದ್ದಿಮೆಗಳಿಗೆ ಬಾಡಿಗೆಗೆ ಒದಗಿಸುವ ಸಂಸ್ಥೆಗಳ ಅಧಿಕಾರಿಯ ವೃತ್ತಿ ಅದು. ನಮ್ಮ ಅನೇಕ ಕುಟುಂಬಗಳ ಮಕ್ಕಳು ಈ ಕ್ಷೇತ್ರದಲ್ಲಿ ಉದ್ಯೋಗ ಅರಸುತ್ತಿದ್ದಾರೆ. ಹಿರಿಯರ ಕೈಗೆ ಸಮೃದ್ಧಿ ಮಹಾಮಾರ್ಗದ ಬದಿಯ ನಿವೇಶನಗಳ ಜಾಹೀರಾತುಗಳೂ ಬಂದು ಸೇರುತ್ತಿವೆ. ಆದ್ದರಿಂದ ಈ ಉದ್ಯಮದ ಒಳಹೊರಗನ್ನು ತಿಳಿಸುವ ಉದ್ದೇಶದಿಂದ ಈ ಲೇಖನವನ್ನು ಸಿದ್ಧಪಡಿಸಲಾಗಿದೆ.

ಭಿವಂಡಿಯಿಂದ ಘಟ್ಟದ ಮೇಲಕ್ಕೆ

ಗೋದಾಮು ಎಲ್ಲಿ ಏಳುತ್ತದೆ ಎಂಬುದನ್ನು ಬಹುಕಾಲ ನಿರ್ಧರಿಸಿದ್ದು ತೆರಿಗೆ. ಮುಂಬಯಿ ಮಹಾನಗರದ ಗಡಿಯೊಳಗೆ ಸರಕು ಬಂದರೆ ಆಕ್ಟ್ರಾಯ್ ತೆರಬೇಕಿತ್ತು. ಗಡಿಯ ಹೊರಗಿದ್ದ ಭಿವಂಡಿಯಲ್ಲಿ ಸರಕನ್ನು ಇರಿಸಿ, ಬೇಕಾದಷ್ಟನ್ನೇ ನಗರಕ್ಕೆ ತರುವುದು ವ್ಯಾಪಾರಿಗಳಿಗೆ ಲಾಭಕರವಾಗಿತ್ತು. ರಾಜ್ಯದಿಂದ ರಾಜ್ಯಕ್ಕೆ ಮಾರಾಟವಾದಾಗ ಕೇಂದ್ರ ಮಾರಾಟ ತೆರಿಗೆ ಬೀಳುತ್ತಿದ್ದುದರಿಂದ ದೊಡ್ಡ ಕಂಪೆನಿಗಳು ಪ್ರತಿಯೊಂದು ರಾಜ್ಯದಲ್ಲಿಯೂ ಒಂದೊಂದು ಸಣ್ಣ ಗೋದಾಮನ್ನು ಇಟ್ಟುಕೊಳ್ಳುತ್ತಿದ್ದವು.

2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದಾಗ ಈ ಎರಡು ಕಾರಣಗಳೂ ಇಲ್ಲವಾದವು. ಹತ್ತು ಕಡೆ ಹತ್ತು ಸಣ್ಣ ಕೋಠಿಗಳ ಬದಲು, ರಸ್ತೆ ಚೆನ್ನಾಗಿರುವೆಡೆ ಒಂದೇ ವಿಶಾಲ ಗೋದಾಮು ಸಾಕೆನಿಸಿತು. ಅದೇ ವರ್ಷದ ನವೆಂಬರಿನಲ್ಲಿ ಕೇಂದ್ರ ಸರ್ಕಾರ ಈ ಕ್ಷೇತ್ರಕ್ಕೆ ಮೂಲಸೌಕರ್ಯದ ಸ್ಥಾನಮಾನ ನೀಡಿತು. ಕನಿಷ್ಠ 25 ಕೋಟಿ ರೂ. ಹೂಡಿಕೆ ಮತ್ತು 1 ಲಕ್ಷ ಚದರ ಅಡಿ ವಿಸ್ತೀರ್ಣವಿರುವ ಗೋದಾಮುಗಳು, ಕನಿಷ್ಠ 15 ಕೋಟಿ ರೂ. ಹೂಡಿಕೆ ಮತ್ತು 20,000 ಚದರ ಅಡಿಯ ಶೀತಲ ಸಂಗ್ರಹಾಗಾರಗಳು ಇದರ ವ್ಯಾಪ್ತಿಗೆ ಬಂದವು. ಇದರಿಂದ ದೀರ್ಘಾವಧಿ ಸಾಲ ದೊರೆಯುವುದು ಸುಲಭವಾಯಿತು. ಅಲ್ಲಿಂದ ಮುಂದೆ ಗೋದಾಮಿನ ಸ್ಥಳವನ್ನು ತೆರಿಗೆಯ ಬದಲು ರಸ್ತೆಯೇ ನಿರ್ಧರಿಸತೊಡಗಿತು.

ಆ ರಸ್ತೆ ನಾಗಪುರ ಮತ್ತು ಮುಂಬಯಿಯನ್ನು ಜೋಡಿಸುವ 701 ಕಿಲೋಮೀಟರ್ ಉದ್ದದ ಸಮೃದ್ಧಿ ಮಹಾಮಾರ್ಗ. 2022ರ ಡಿಸೆಂಬರ್ 11ರಂದು ನಾಗಪುರದಿಂದ ಶಿರ್ಡಿಯವರೆಗಿನ 520 ಕಿ.ಮೀ. ಭಾಗ ತೆರೆಯಿತು. 2023ರಲ್ಲಿ ಭರವೀರ್‌ವರೆಗೂ, 2024ರಲ್ಲಿ ಇಗತಪುರಿಯವರೆಗೂ ಮುಂದುವರಿದು, 2025ರ ಜೂನ್ 5ರಂದು ಇಗತಪುರಿಯಿಂದ ಭಿವಂಡಿ ಸಮೀಪದ ಆಮಣೆಯವರೆಗಿನ ಕೊನೆಯ 76 ಕಿ.ಮೀ. ಲೋಕಾರ್ಪಣೆಯಾಯಿತು. ಹೀಗೆ ನಾಸಿಕ್ ಜಿಲ್ಲೆಯ ಸಿನ್ನರ್ ಹಾಗೂ ಮರಾಠವಾಡದ ಸಂಭಾಜಿನಗರಗಳು ಒಂದೇ ದಾರಿಯ ಎರಡು ನಿಲ್ದಾಣಗಳಾದವು.

ವಾರದ ಆರು ದಿನಗಳು

ಇಂತಹ ಸಂಸ್ಥೆಯ ಅಧಿಕಾರಿಯ ಕೆಲಸ ಎಂದರೆ ಬಹುಪಾಲು ಓಡಾಟ ಮತ್ತು ಮಾತುಕತೆ. ಯಾರನ್ನು, ಏತಕ್ಕೆ ಕಾಣಬೇಕಾಗುತ್ತದೆ ಎಂಬುದನ್ನು ಒಂದು ಸಾಮಾನ್ಯ ವಾರದ ಕ್ರಮದಲ್ಲಿ ಇಲ್ಲಿ ವಿವರಿಸಲಾಗಿದೆ.

ಸೋಮವಾರ, ನಾಸಿಕ್: ಮೊದಲ ಭೇಟಿ ಎಂಐಡಿಸಿ ಎಂದೇ ಪರಿಚಿತವಾದ ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮದ ಪ್ರಾದೇಶಿಕ ಕಚೇರಿಗೆ. 1962ರಲ್ಲಿ ಸ್ಥಾಪಿತವಾದ ಈ ನಿಗಮ ಕರ್ನಾಟಕದ ಕೆಐಎಡಿಬಿಯನ್ನು ಹೋಲುವ ಸಂಸ್ಥೆ. ತನ್ನ ಕೈಗಾರಿಕಾ ಪ್ರದೇಶಗಳಲ್ಲಿ ನಿವೇಶನಗಳನ್ನು ಸಾಮಾನ್ಯವಾಗಿ 95 ವರ್ಷಗಳ ಗುತ್ತಿಗೆಗೆ ಕೊಡುತ್ತದೆ. ಆ ಪ್ರದೇಶದೊಳಗೆ ಕಟ್ಟಡದ ನಕ್ಷೆಗೂ ಅಗ್ನಿಶಾಮಕ ವ್ಯವಸ್ಥೆಗೂ ಒಪ್ಪಿಗೆ ನೀಡುವುದು ಇದೇ ನಿಗಮ. ನಾಸಿಕ್‌ನ ಸಾತ್‌ಪುರ ಮತ್ತು ಅಂಬಡ್ ವಸಾಹತುಗಳು ಹಳೆಯವು, ಅಲ್ಲಿ ವಿಶಾಲ ಜಾಗ ಸಿಗುವುದು ಕಷ್ಟ. ಆದುದರಿಂದ ಮಾತು ಸಿನ್ನರ್, ದಿಂಡೋರಿಗಳ ಕಡೆಗೆ ಹೊರಳುತ್ತದೆ. ಮಧ್ಯಾಹ್ನ ನಾಸಿಕ್ ಉದ್ದಿಮೆದಾರರ ಸಂಘ ನಿಮಾ ಅಥವಾ ಅಂಬಡ್‌ನ ಸಂಘ ಐಮಾದ ಪದಾಧಿಕಾರಿಗಳ ಭೇಟಿ. ಕಾರ್ಖಾನೆಗಳು ಸಿದ್ಧ ಸರಕನ್ನು ಎಷ್ಟು ದಿನ ಇರಿಸಿಕೊಳ್ಳುತ್ತವೆ, ಬಿಡಿಭಾಗಗಳು ಎಲ್ಲಿಂದ ಬರುತ್ತವೆ ಎಂಬ ಪ್ರಶ್ನೆಗಳಿಗೆ ಉತ್ತರ ಸಿಗುವುದು ಇಂತಹ ಕಡೆಗಳಲ್ಲಿ.

ಮಂಗಳವಾರ, ಸಿನ್ನರ್ ಮತ್ತು ನಿಫಾಡ್: ಈ ದಿನ ರೈತರಿಗೆ ಮೀಸಲು. ಲಾಸಲಗಾಂವ್‌ನ ಈರುಳ್ಳಿ ಮಾರುಕಟ್ಟೆ ದೇಶದಲ್ಲಿಯೇ ಹೆಸರುವಾಸಿಯಾದುದು. ಪಿಂಪಳಗಾಂವ್ ಬಸವಂತದ ಸುತ್ತಮುತ್ತ ಈರುಳ್ಳಿಯ ಜೊತೆಗೆ ದ್ರಾಕ್ಷಿಯೂ ಹೇರಳ. ಕಿತ್ತ ದ್ರಾಕ್ಷಿಯನ್ನು ಕೂಡಲೇ ತಂಪುಗೊಳಿಸಿ, ಅದೇ ತಂಪಿನಲ್ಲಿ ನ್ಹಾವಾ ಶೇವಾ ಬಂದರಿನವರೆಗೆ ಒಯ್ಯಬೇಕು. ನಡುವೆ ಒಂದು ಕೊಂಡಿ ಕಳಚಿದರೂ ಇಡೀ ಕಂಟೇನರ್ ಬೆಲೆ ಕಳೆದುಕೊಳ್ಳುತ್ತದೆ. ಈರುಳ್ಳಿಯ ಸ್ವಭಾವ ಬೇರೆ. ಅದಕ್ಕೆ ಗಾಳಿಯಾಡುವ ಒಣ ಜಾಗ ಬೇಕು, ತೇವ ತಗಲಿದರೆ ಕೊಳೆಯುತ್ತದೆ. ಇದನ್ನರಿಯದೆ ಒಂದೇ ಮಾದರಿಯ ಕಟ್ಟಡವನ್ನು ಎಲ್ಲಕ್ಕೂ ಕಟ್ಟಿದವರು ನಷ್ಟ ಅನುಭವಿಸುತ್ತಾರೆ.

ಬುಧವಾರ, ದಾರಿಯ ಮೇಲೆ: ಸಿನ್ನರ್ ಬಳಿಯ ಗೋಂದೆಯಿಂದ ಸಮೃದ್ಧಿ ಮಾರ್ಗ ಹಿಡಿದರೆ ವೈಜಾಪುರ ಸಮೀಪದ ಜಾಂಬರಗಾಂವ್, ಅಲ್ಲಿಂದ ಮಾಳಿವಾಡಾ, ಸಾವಂಗಿ ಎಂಬ ಇಳಿದಾಣಗಳು ಬರುತ್ತವೆ. ಈ ಮಾರ್ಗಕ್ಕೆ ಎರಡೂ ಬದಿಯಲ್ಲಿ ತಡೆಬೇಲಿ ಇದೆ. ಇಳಿದಾಣಗಳ ಹೊರತು ಬೇರೆಲ್ಲಿಯೂ ವಾಹನ ಹತ್ತುವಂತಿಲ್ಲ, ಇಳಿಯುವಂತಿಲ್ಲ. ಆದ್ದರಿಂದ ಅಧಿಕಾರಿ ಜಮೀನನ್ನು ನೋಡುವಾಗ ಮಹಾಮಾರ್ಗದಿಂದ ಅದು ಎಷ್ಟು ದೂರ ಎಂದು ಕೇಳುವುದಿಲ್ಲ. ಇಳಿದಾಣದಿಂದ ಎಷ್ಟು ದೂರ, ನಡುವಿನ ರಸ್ತೆಯ ಅಗಲವೆಷ್ಟು, ನಲವತ್ತು ಅಡಿಯ ಕಂಟೇನರ್ ಹೊತ್ತ ಟ್ರೇಲರ್ ಅಲ್ಲಿ ತಿರುಗೀತೇ ಎಂದು ಕೇಳುತ್ತಾನೆ.

ಗುರುವಾರ, ಆರಿಕ್: ದೆಹಲಿ–ಮುಂಬಯಿ ಕೈಗಾರಿಕಾ ಕಾರಿಡಾರಿನ ಅಂಗವಾಗಿ ಶೇಂದ್ರಾ ಮತ್ತು ಬಿಡಕಿನ್‌ಗಳಲ್ಲಿ ಸುಮಾರು 10,000 ಎಕರೆಯಲ್ಲಿ ರೂಪುಗೊಂಡಿರುವ ಕೈಗಾರಿಕಾ ನಗರಿಯೇ ಆರಿಕ್. ಎಂಐಡಿಸಿ ಹಾಗೂ ಕೇಂದ್ರದ ಕೈಗಾರಿಕಾ ಕಾರಿಡಾರ್ ಸಂಸ್ಥೆಯ ಪಾಲುದಾರಿಕೆಯ ಕಂಪೆನಿ ಇದನ್ನು ನಿರ್ವಹಿಸುತ್ತದೆ. ಆಡಳಿತ ಭವನವಾದ ಆರಿಕ್ ಹಾಲ್ 2019ರ ಸೆಪ್ಟೆಂಬರ್ 7ರಂದು ಉದ್ಘಾಟನೆಗೊಂಡಿತು. ಬಿಡಕಿನ್ ಕೈಗಾರಿಕಾ ಪ್ರದೇಶ 2024ರ ಸೆಪ್ಟೆಂಬರ್ 29ರಂದು ರಾಷ್ಟ್ರಕ್ಕೆ ಸಮರ್ಪಿತವಾಯಿತು. ನೀರು, ವಿದ್ಯುತ್ ಮತ್ತು ಕೇಬಲ್ ಜಾಲಗಳನ್ನು ನೆಲದಡಿಯಲ್ಲಿ ಮೊದಲೇ ಹಾಕಿ, ಅನಂತರ ನಿವೇಶನ ಕೊಡುವುದು ಇಲ್ಲಿನ ಕ್ರಮ. ರೈತರೊಬ್ಬೊಬ್ಬರಿಂದ ತುಂಡು ತುಂಡಾಗಿ ಜಮೀನು ಕೂಡಿಸುವ ತೊಡಕು ಇಲ್ಲಿಲ್ಲ. ಅದಕ್ಕೆ ಪ್ರತಿಯಾಗಿ ನಿಗದಿತ ಅವಧಿಯೊಳಗೆ ಕಟ್ಟಡ ಮುಗಿಸುವ ಕಟ್ಟುಪಾಡಿದೆ.

ಶುಕ್ರವಾರ, ಉದ್ದಿಮೆ ಸಂಘಗಳು ಮತ್ತು ಜಾಲನಾ: ಮರಾಠವಾಡದ ಉದ್ಯಮ ಮತ್ತು ಕೃಷಿ ಚೇಂಬರ್ ಆದ ಸಿಎಂಐಎ, ಸಣ್ಣ ಉದ್ದಿಮೆಗಳ ಸಂಘ ಮಸಿಯಾ, ಇವೆರಡೂ ಇಲ್ಲಿ ಪ್ರಭಾವಶಾಲಿ ಸಂಸ್ಥೆಗಳು. 1985ರಲ್ಲಿ ವಾಳುಜ್‌ನಲ್ಲಿ ಬಜಾಜ್ ಆಟೋ ಕಾರ್ಖಾನೆ ಆರಂಭವಾದಂದಿನಿಂದ ನೂರಾರು ಬಿಡಿಭಾಗ ತಯಾರಕರು ಇಲ್ಲಿ ನೆಲೆಯೂರಿದ್ದಾರೆ. ಗೋದಾಮಿನ ಮೊದಲ ಬಾಡಿಗೆದಾರರು ಹೆಚ್ಚಾಗಿ ಇವರೇ. ನೆರೆಯ ಜಾಲನಾದಲ್ಲಿ ಒಣಬಂದರು ನಿರ್ಮಿಸಲು 2015ರ ಡಿಸೆಂಬರಿನಲ್ಲಿ ಶಂಕುಸ್ಥಾಪನೆಯಾಯಿತು. ಅದನ್ನು ಬಹುಮಾದರಿ ಸಾಗಣೆ ಕೇಂದ್ರವಾಗಿ ಬೆಳೆಸಲು ಹೆದ್ದಾರಿ ಪ್ರಾಧಿಕಾರದ ಅಂಗಸಂಸ್ಥೆಯೊಂದಿಗೆ ಒಪ್ಪಂದವಾದದ್ದು 2022ರಲ್ಲಿ. ಶಿಲಾನ್ಯಾಸಕ್ಕೂ ರೈಲು ಹಳಿಗೂ ನಡುವೆ ಎಷ್ಟು ವರ್ಷಗಳು ಸರಿಯಬಹುದೆಂಬುದಕ್ಕೆ ಇದು ಸಾಕ್ಷಿ. ಅನುಭವಸ್ಥ ಅಧಿಕಾರಿ ಘೋಷಣೆಯ ದಿನಾಂಕವನ್ನು ನಂಬಿ ಲೆಕ್ಕ ಹಾಕುವುದಿಲ್ಲ.

ಶನಿವಾರ, ಮುಂಬಯಿ: ಅಂಧೇರಿ ಪೂರ್ವದ ಮಹಾಕಾಳಿ ಗುಹೆಗಳ ರಸ್ತೆಯಲ್ಲಿರುವ ಎಂಐಡಿಸಿಯ ಕೇಂದ್ರ ಕಚೇರಿ ಉದ್ಯೋಗ ಸಾರಥಿ ನಮ್ಮ ಓದುಗರಲ್ಲಿ ಅನೇಕರಿಗೆ ಗೊತ್ತು. ಕಚೇರಿಗೆ ರಜೆಯಿರುವ ಈ ದಿನ ವಾರದ ಕಡತಗಳನ್ನು ಜೋಡಿಸಿ, ಮುಂದಿನ ವಾರ ಅಲ್ಲಿಗೂ ಮಂತ್ರಾಲಯಕ್ಕೂ ಒಯ್ಯಬೇಕಾದ ಕೋರಿಕೆಗಳನ್ನು ಸಿದ್ಧಪಡಿಸುವುದು ರೂಢಿ. ರಾಜ್ಯದ ಏಕಗವಾಕ್ಷಿ ವ್ಯವಸ್ಥೆಗೆ ಮೈತ್ರಿ ಎಂದು ಹೆಸರು. 2023ರಲ್ಲಿ ಅದಕ್ಕೆ ಪ್ರತ್ಯೇಕ ಕಾಯ್ದೆಯ ಬಲವೂ ದೊರೆತಿದೆ. 2024ರ ಆಗಸ್ಟಿನಲ್ಲಿ ಸಚಿವ ಸಂಪುಟ ಒಪ್ಪಿದ ಮಹಾರಾಷ್ಟ್ರ ಲಾಜಿಸ್ಟಿಕ್ಸ್ ನೀತಿಯಲ್ಲಿ ಛತ್ರಪತಿ ಸಂಭಾಜಿನಗರ–ಜಾಲನಾ ರಾಜ್ಯಮಟ್ಟದ ಕೇಂದ್ರವಾಗಿಯೂ ನಾಸಿಕ್–ಸಿನ್ನರ್ ಪ್ರಾದೇಶಿಕ ಕೇಂದ್ರವಾಗಿಯೂ ಗುರುತಿಸಲ್ಪಟ್ಟಿವೆ. ರಾಜ್ಯದಾದ್ಯಂತ 10,000 ಎಕರೆಗೂ ಹೆಚ್ಚು ಪ್ರದೇಶದಲ್ಲಿ ಸೌಕರ್ಯ ಕಲ್ಪಿಸುವುದು ಆ ನೀತಿಯ ಗುರಿ.

ಗೋದಾಮು ಎಂದರೆ ಬರೀ ತಗಡಿನ ಮಾಡಲ್ಲ

ಇಂದಿನ ದರ್ಜೆಯ ಗೋದಾಮಿನ ಮಾಡು ಸುಮಾರು 12 ಮೀಟರ್ ಎತ್ತರವಿರುತ್ತದೆ. ಕಪಾಟುಗಳನ್ನು ನೆಲದ ಮೇಲೆ ಹರಡುವ ಬದಲು ಮೇಲಕ್ಕೆ ಪೇರಿಸಲು ಇದು ಬೇಕು. ನೆಲ ಪ್ರತಿ ಚದರ ಮೀಟರಿಗೆ 5 ಟನ್ ಭಾರ ತಾಳುವಷ್ಟು ಗಟ್ಟಿಯಾಗಿಯೂ ಫೋರ್ಕ್‌ಲಿಫ್ಟ್ ಸರಾಗವಾಗಿ ಓಡುವಷ್ಟು ಸಮತಟ್ಟಾಗಿಯೂ ಇರಬೇಕು. ಲಾರಿಯ ಹಲಗೆ ಮತ್ತು ಗೋದಾಮಿನ ಕಟ್ಟೆ ಒಂದೇ ಮಟ್ಟಕ್ಕೆ ಬರುವಂತೆ ಡಾಕ್‌ಗಳಿರಬೇಕು. ಎಲ್ಲಕ್ಕಿಂತ ಮುಖ್ಯವಾದುದು ಬೆಂಕಿಯಿಂದ ರಕ್ಷಣೆ. ಮಹಾರಾಷ್ಟ್ರದ 2006ರ ಅಗ್ನಿ ನಿರೋಧಕ ಕಾಯ್ದೆಯಂತೆ ಅಗ್ನಿಶಾಮಕ ಸಾಧನಗಳು ಸುಸ್ಥಿತಿಯಲ್ಲಿವೆ ಎಂಬ ಪ್ರಮಾಣಪತ್ರವನ್ನು ಪರವಾನಗಿ ಪಡೆದ ಸಂಸ್ಥೆಯಿಂದ ವರ್ಷಕ್ಕೆ ಎರಡು ಬಾರಿ, ಜನವರಿ ಮತ್ತು ಜುಲೈನಲ್ಲಿ, ಸಲ್ಲಿಸಬೇಕು. ಇಲ್ಲಿ ಕೆಲಸ ಮಾಡುವ ಹುಡುಗರ ಜೀವ ಈ ಕಾಗದದ ಪ್ರಾಮಾಣಿಕತೆಯನ್ನು ಅವಲಂಬಿಸಿದೆ.

ಉದ್ಯೋಗಾವಕಾಶಗಳೂ ವಿವಿಧ. ಸಿವಿಲ್ ಇಂಜಿನಿಯರ್, ಭೂದಾಖಲೆ ಬಲ್ಲ ವಕೀಲ, ದಾಸ್ತಾನು ನಿರ್ವಹಣೆಯ ತಂತ್ರಾಂಶ ಬಲ್ಲವರು, ಫೋರ್ಕ್‌ಲಿಫ್ಟ್ ಚಾಲಕರು, ಸುರಕ್ಷತಾ ಅಧಿಕಾರಿ, ಲೆಕ್ಕಿಗರು ಎಲ್ಲರಿಗೂ ಇಲ್ಲಿ ಸ್ಥಾನವಿದೆ. ಮರಾಠಿಯ ಉತ್ತಮ ಪರಿಚಯವಿಲ್ಲದೆ ತಲಾಠಿ ಕಚೇರಿಯ ಕೆಲಸ ಸಾಗುವುದಿಲ್ಲ. ಈ ವಿಷಯದಲ್ಲಿ ಮುಂಬಯಿಯಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳಿಗೆ ಒಂದು ಅನುಕೂಲವಿದ್ದೇ ಇದೆ.

ಕರ್ನಾಟಕದ ನಂಟು

ಈ ಎರಡು ನಗರಗಳ ಉದ್ಯಮದೊಂದಿಗೆ ಕರ್ನಾಟಕದ ಸಂಬಂಧ ಹಳೆಯದು. ಸೋಲಾಪುರ ಮೂಲದ ಉದ್ಯಮಿ ವಾಲಚಂದ್ ಹೀರಾಚಂದ್ ಅವರು 1927ರಲ್ಲಿ ಮಹಾರಾಷ್ಟ್ರ ಚೇಂಬರ್ ಆಫ್ ಕಾಮರ್ಸ್ ಸ್ಥಾಪನೆಗೆ ಕಾರಣರಾದರು, ನಾಸಿಕ್ ಜಿಲ್ಲೆಯ ರಾವಳಗಾಂವದಲ್ಲಿ ಸಕ್ಕರೆ ಕಾರ್ಖಾನೆ ಕಟ್ಟಿದರು. ವಿಮಾನ ಕಾರ್ಖಾನೆ ಕಟ್ಟುವ ಅವರ ಹಂಬಲಕ್ಕೆ ಆಸರೆ ನೀಡಿದುದು ದಿವಾನ್ ಸರ್ ಮಿರ್ಜಾ ಇಸ್ಮಾಯಿಲ್ ಅವರ ಕಾಲದ ಮೈಸೂರು ಸಂಸ್ಥಾನ. ಜಮೀನನ್ನೂ ಬಂಡವಾಳದಲ್ಲಿ ಪಾಲನ್ನೂ ಮೈಸೂರು ಒದಗಿಸಿದ ಫಲವಾಗಿ 1940ರ ಡಿಸೆಂಬರ್ 23ರಂದು ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಜನ್ಮ ತಾಳಿತು. ಅದೇ ಸಂಸ್ಥೆ ಎಚ್‌ಎಎಲ್ ಆಗಿ ಬೆಳೆದು 1964ರಲ್ಲಿ ನಾಸಿಕ್ ಸಮೀಪದ ಓಝರ್‌ನಲ್ಲಿ ತನ್ನ ವಿಭಾಗವನ್ನು ತೆರೆಯಿತು. ಅಲ್ಲಿ ನಿರ್ಮಿತವಾದ ಮೊದಲ ತೇಜಸ್ ಮಾರ್ಕ್ 1ಎ ವಿಮಾನ 2025ರ ಅಕ್ಟೋಬರ್ 17ರಂದು ಹಾರಿತು. ಬೆಂಗಳೂರಿನ ಮೈಕೋ ಕಂಪೆನಿಯ ಕಾರ್ಖಾನೆಯ ನೆನಪನ್ನು ನಾಸಿಕ್‌ನ ಮೈಕೋ ಸರ್ಕಲ್ ಇಂದಿಗೂ ಉಳಿಸಿಕೊಂಡಿದೆ.

ಸಂಭಾಜಿನಗರದ ಕಡೆಗೂ ಇತ್ತೀಚೆಗೆ ಇದೇ ನಂಟು ಚಾಚಿದೆ. ಬಿಡದಿಯ ಟೊಯೋಟಾ ಕಿರ್ಲೋಸ್ಕರ್ ಮೋಟಾರ್ 2024ರ ಜುಲೈ 31ರಂದು ಸುಮಾರು 20,000 ಕೋಟಿ ರೂ. ಹೂಡಿಕೆಯ ತಿಳಿವಳಿಕೆ ಪತ್ರಕ್ಕೆ ಮಹಾರಾಷ್ಟ್ರ ಸರ್ಕಾರದೊಂದಿಗೆ ಸಹಿ ಮಾಡಿತು. ಬೆಂಗಳೂರಿನ ವಿದ್ಯುತ್ ಸ್ಕೂಟರ್ ತಯಾರಕ ಏಥರ್ ಎನರ್ಜಿ ಕೂಡ ಅದೇ ವರ್ಷ ಆರಿಕ್‌ನಲ್ಲಿ ಕಾರ್ಖಾನೆಯ ಯೋಜನೆ ಪ್ರಕಟಿಸಿತು. ಇದನ್ನು ಕರ್ನಾಟಕದ ನಷ್ಟ ಎಂದು ಕೆಲವರು ಬಣ್ಣಿಸಿದರು. ಆದರೆ ಟೊಯೋಟಾ ಕಿರ್ಲೋಸ್ಕರ್ 2023ರ ನವೆಂಬರಿನಲ್ಲಿ ಬಿಡದಿಯಲ್ಲಿಯೇ ಸುಮಾರು 3,300 ಕೋಟಿ ರೂ. ವೆಚ್ಚದ ಮೂರನೆಯ ಘಟಕಕ್ಕೂ ಒಪ್ಪಂದ ಮಾಡಿಕೊಂಡಿತ್ತು ಎಂಬುದನ್ನು ಮರೆಯಲಾಗದು. ಬಿಡದಿ ಮತ್ತು ಬಿಡಕಿನ್ ಎರಡೂ ಕಡೆ ಕಾರ್ಖಾನೆ ಇದ್ದಾಗ ನಡುವೆ ಬಿಡಿಭಾಗಗಳ ಲಾರಿಗಳು ಓಡಲೇಬೇಕು, ದಾರಿಯಲ್ಲಿ ಗೋದಾಮುಗಳು ಏಳಲೇಬೇಕು.

ಭೂಮಿ ಕೊಟ್ಟವರು, ಕೊಳ್ಳಬಯಸುವವರು

ಈ ಎಲ್ಲ ಚಟುವಟಿಕೆಯ ತಳದಲ್ಲಿರುವುದು ರೈತನ ಜಮೀನು. ಸಮೃದ್ಧಿ ಮಾರ್ಗಕ್ಕೆ ಭೂಮಿ ಕೇಳಿದಾಗ ಸಿನ್ನರ್ ತಾಲೂಕಿನ ಶಿವಡೆ ಮೊದಲಾದ ಹಳ್ಳಿಗಳ ರೈತರು 2017ರಲ್ಲಿ ಬಲವಾಗಿ ವಿರೋಧಿಸಿದರು. ಭೂಮಿ ಕೂಡಿಕೆಯ ಮೊದಲ ಯೋಜನೆ ಅವರಿಗೆ ಒಪ್ಪಿಗೆಯಾಗಲಿಲ್ಲ. ಬಳಿಕ ಮಾರುಕಟ್ಟೆ ದರದ ಐದು ಪಟ್ಟಿನವರೆಗೆ ಹಣ ಕೊಟ್ಟು ನೇರವಾಗಿ ಖರೀದಿಸುವ ಕ್ರಮ ಬಂದಿತು. ಬೆಲೆಯ ಪ್ರಶ್ನೆ ಬಗೆಹರಿದರೂ ಕೈಗೆ ಬಂದ ಹಣ ಎಷ್ಟು ಮನೆಗಳಲ್ಲಿ ಮುಂದಿನ ತಲೆಮಾರಿಗೆ ಉಳಿಯುತ್ತದೆ ಎಂಬ ಪ್ರಶ್ನೆ ಉಳಿದೇ ಇದೆ. ಒಳ್ಳೆಯ ಅಧಿಕಾರಿ ಊರಿನ ಯುವಕರಿಗೆ ಗೋದಾಮಿನಲ್ಲಿ ತರಬೇತಿ ಮತ್ತು ಕೆಲಸ ಕೊಡುವ ಮಾತನ್ನು ಕರಾರಿನಷ್ಟೇ ಗಂಭೀರವಾಗಿ ಪರಿಗಣಿಸುತ್ತಾನೆ.

ಇನ್ನು ಕೊಳ್ಳಬಯಸುವ ನಮ್ಮ ಕುಟುಂಬಗಳ ಗಮನಕ್ಕೆ ಕೆಲವು ಅಂಶಗಳು. ಕರ್ನಾಟಕದಲ್ಲಿ 2020ರ ತಿದ್ದುಪಡಿಯಿಂದ ಕೃಷಿಕರಲ್ಲದವರೂ ಕೃಷಿ ಭೂಮಿ ಕೊಳ್ಳಬಹುದಾಗಿದೆ. ಮಹಾರಾಷ್ಟ್ರದಲ್ಲಿ ಹಾಗಿಲ್ಲ. ಇಲ್ಲಿ ಕೃಷಿಕರಲ್ಲದವರು ಕೃಷಿ ಭೂಮಿ ಕೊಳ್ಳಲು ಕಾನೂನಿನ ನಿರ್ಬಂಧವಿದೆ, ನಿಜವಾದ ಕೈಗಾರಿಕಾ ಉಪಯೋಗಕ್ಕೆ ಮಾತ್ರ ಷರತ್ತಿನ ವಿನಾಯಿತಿಗಳಿವೆ. ನಾಸಿಕ್ ಹಳೆಯ ಮುಂಬಯಿ ಪ್ರಾಂತಕ್ಕೆ ಸೇರಿದ್ದರಿಂದ ಅಲ್ಲಿ 1948ರ ಗೇಣಿ ಕಾಯ್ದೆ ಅನ್ವಯ. ಸಂಭಾಜಿನಗರವಾದರೋ ನಮ್ಮ ಬೀದರ್, ಕಲಬುರಗಿ, ರಾಯಚೂರುಗಳಂತೆ 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿತ್ತು. ಆದಕಾರಣ ಅಲ್ಲಿನ ಜಮೀನುಗಳ ಹಿನ್ನೆಲೆ 1950ರ ಹೈದರಾಬಾದ್ ಗೇಣಿ ಕಾಯ್ದೆಯದು. ಇನಾಮು ಜಮೀನುಗಳ ಇತಿಹಾಸವೂ ಅಲ್ಲಿ ಬೇರೆ. ಒಂದು ಜಿಲ್ಲೆಯ ಅನುಭವವನ್ನು ಇನ್ನೊಂದಕ್ಕೆ ಅನ್ವಯಿಸುವುದು ಅಪಾಯಕರ.

ನಮ್ಮ ಪಹಣಿಗೆ ಸಮನಾದದ್ದು ಇಲ್ಲಿನ ಸಾತ್‌ಬಾರಾ ಉತಾರ. ಹಕ್ಕು ಬದಲಾವಣೆಯ ದಾಖಲೆಗೆ ಇಲ್ಲಿ ಫೇರ್‌ಫಾರ್ ಎನ್ನುತ್ತಾರೆ. ಸಾತ್‌ಬಾರಾದಲ್ಲಿ ಭೋಗವಟಾದಾರ್ ವರ್ಗ 2 ಎಂದು ನಮೂದಾಗಿದ್ದರೆ ಸರ್ಕಾರದ ಅನುಮತಿಯಿಲ್ಲದೆ ಆ ಜಮೀನನ್ನು ಮಾರುವಂತಿಲ್ಲ. ಯೋಜನಾ ಪ್ರಾಧಿಕಾರದಿಂದ ವಲಯದ ದಾಖಲೆ ಪಡೆದು, ಅದು ಕೈಗಾರಿಕಾ ವಲಯವೋ ಹಸಿರು ವಲಯವೋ ತಿಳಿಯಬೇಕು. ಕೃಷಿಯೇತರ ಬಳಕೆಯ ನಿಯಮಗಳು ಇತ್ತೀಚಿನ ವರ್ಷಗಳಲ್ಲಿ ಪದೇ ಪದೇ ಬದಲಾಗಿರುವುದರಿಂದ ಸ್ಥಳೀಯ ವಕೀಲರ ಲಿಖಿತ ಅಭಿಪ್ರಾಯ ಅಗತ್ಯ. ಜಾಹೀರಾತಿನಲ್ಲಿ ಸಮೃದ್ಧಿ ಮಾರ್ಗಕ್ಕೆ ಹೊಂದಿಕೊಂಡ ನಿವೇಶನ ಎಂದಿದ್ದರೆ, ಬೇಲಿಯ ಆಚೆಗಿರುವ ಆ ನಿವೇಶನದಿಂದ ಮಾರ್ಗಕ್ಕೆ ಹೋಗುವ ದಾರಿ ಯಾವುದು ಎಂದು ಮೊದಲು ಕೇಳಬೇಕು.

ಹಳೆಯ ದಾಖಲೆಯೊಂದು

ಸರಕು ಮತ್ತು ದಾಖಲೆ, ಈ ನೆಲಕ್ಕೆ ಎರಡೂ ಹೊಸತಲ್ಲ. ಕ್ರಿ.ಶ. ಒಂದನೆಯ ಶತಮಾನದ ಗ್ರೀಕ್ ಬರಹವಾದ ಪೆರಿಪ್ಲಸ್, ಬಿಡಕಿನ್‌ಗೆ ಸಮೀಪದ ಪೈಠಣದಿಂದ ಬಂಡಿಗಳಲ್ಲಿ ಸರಕು ದುರ್ಗಮ ದಾರಿಯನ್ನು ಹಾಯ್ದು ಭರೂಚ್ ಬಂದರನ್ನು ಸೇರುತ್ತಿತ್ತೆಂದು ತಿಳಿಸುತ್ತದೆ. ನಾಸಿಕ್‌ನ ಪಾಂಡವಲೇಣಿಯಲ್ಲಿ ಉಷವದಾತನ ಶಾಸನವಿದೆ. ಅವನು ಭಿಕ್ಷುಗಳ ನಿರ್ವಹಣೆಗಾಗಿ 3,000 ಕಹಾಪಣಗಳನ್ನು ಅಲ್ಲಿನ ನೇಕಾರರ ಎರಡು ಶ್ರೇಣಿಗಳಲ್ಲಿ ಇರಿಸಿದನು. 2,000ಕ್ಕೆ ತಿಂಗಳಿಗೆ ಶೇಕಡಾ 1, ಉಳಿದ 1,000ಕ್ಕೆ ಶೇಕಡಾ ಮುಕ್ಕಾಲು ಬಡ್ಡಿ. ಅಸಲನ್ನು ಮುಟ್ಟುವಂತಿಲ್ಲ, ಬಡ್ಡಿಯನ್ನಷ್ಟೇ ಬಳಸಬೇಕು. ಇದೆಲ್ಲವನ್ನೂ ನಿಗಮ ಸಭೆಯಲ್ಲಿ ಓದಿ ಹೇಳಿ, ದಾಖಲೆಯಲ್ಲಿ ಬರೆಯಿಸಲಾಯಿತೆಂದು ಶಾಸನ ತಿಳಿಸುತ್ತದೆ.

ಸುಮಾರು ಎರಡು ಸಾವಿರ ವರ್ಷಗಳ ಬಳಿಕ, ಗೋದಾಮು ಕಟ್ಟುವ ಅಧಿಕಾರಿ ವಾರವಿಡೀ ಅಲೆಯುವುದೂ ಇದೇ ಕೆಲಸಕ್ಕಾಗಿ. ಜಮೀನಿನ ಒಡೆಯ, ಸರ್ಕಾರ ಮತ್ತು ಉದ್ದಿಮೆದಾರ ಈ ಮೂವರೂ ಒಪ್ಪಿದ ಮಾತು ದಾಖಲೆಯಲ್ಲಿ ಸೇರಬೇಕು. ಮಾಡಿನ ಎತ್ತರ, ರಸ್ತೆಯ ಅಗಲ ಇವೆಲ್ಲ ಆಮೇಲಿನ ಮಾತು. ನಾಸಿಕ್ ಅಥವಾ ಸಂಭಾಜಿನಗರದಲ್ಲಿ ಉಳಿತಾಯದ ಹಣವನ್ನು ತೊಡಗಿಸುವ ನಮ್ಮ ಕುಟುಂಬಗಳು ಜಾಹೀರಾತಿನ ಚಿತ್ರ ನೋಡುವ ಮುನ್ನ ಸಾತ್‌ಬಾರಾ ಉತಾರವನ್ನು ತರಿಸಿ ಓದಲಿ, ಓದಿ ಅರ್ಥವಾಗದಿದ್ದರೆ ಬಲ್ಲವರಿಂದ ಓದಿಸಲಿ.